ಚೈನ್‌ಸಾ, ಚಿಪ್ಪರ್ ಕೆಲಸಕ್ಕೆ ಯಾವ ಇಯರ್‌ಮಫ್ ಕೊಳ್ಳಬೇಕು?

ಪ್ರಶ್ನೆ: ನಾನು ಮತ್ತು ನನ್ನ ಜೊತೆಗಾರ ಮರ ಕಡಿಯುವ, ರೆಂಬೆ ಸವರುವ ಕೆಲಸ ಮಾಡುತ್ತೇವೆ. ನಾನು ಹಗ್ಗ ಕಟ್ಟಿಕೊಂಡು ಮೇಲೆ ಹತ್ತಿ ಸಣ್ಣ ಚೈನ್‌ಸಾದಲ್ಲಿ ಕುಯ್ಯುತ್ತೇನೆ. ಅವನು ಕೆಳಗೆ ನಿಂತು ಹಗ್ಗ ನೋಡಿಕೊಳ್ಳುತ್ತಾನೆ, ಬಿದ್ದ ಕೊಂಬೆಗಳನ್ನು ಚಿಪ್ಪರ್‌ಗೆ, ಅಂದರೆ ಕೊಂಬೆ ಚೂರು ಮಾಡುವ ಯಂತ್ರಕ್ಕೆ, ಹಾಕುತ್ತಾನೆ. ಇಷ್ಟು ದಿನ ಕಿವಿಯೊಳಗೆ ಫೋಮ್ ಪ್ಲಗ್ ಇಟ್ಟುಕೊಳ್ಳುತ್ತಿದ್ದೆವು, ಈಗ ಕಿವಿಯನ್ನೇ ಮುಚ್ಚುವ ಕಪ್ಪಿನ ಇಯರ್‌ಮಫ್ ಕೊಳ್ಳೋಣ ಎಂದಿದ್ದೇವೆ. ಒಂದರ ಡಬ್ಬಿಯ ಮೇಲೆ 25, ಇನ್ನೊಂದರ ಮೇಲೆ 31, ಮತ್ತೊಂದರ ಮೇಲೆ 36 ಎಂದಿದೆ. ನಂಬರ್ ಹೆಚ್ಚಿದ್ದಷ್ಟೂ ಒಳ್ಳೆಯದೇ? ನಾನು ಕನ್ನಡಕ ಹಾಕುತ್ತೇನೆ. ಮಫ್ ಹಾಕಿದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಅಪಾಯ ಆಗುವುದಿಲ್ಲವೇ? ಜೊತೆಗಾರನಂತೂ ‘ನನ್ನ ಕಿವಿಗೆ ಅಭ್ಯಾಸ ಆಗಿದೆ, ನನಗೆ ಬೇಡ’ ಎನ್ನುತ್ತಾನೆ.

ಉತ್ತರ: ನಂಬರಿನ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನನ್ನದೊಂದು ಪ್ರಶ್ನೆ. ಫೋಮ್ ಪ್ಲಗ್ ಇಟ್ಟುಕೊಂಡು ಕೆಲಸ ಮಾಡುವಾಗ ದಿನಕ್ಕೆ ಎಷ್ಟು ಸಲ ಅದನ್ನು ತೆಗೆಯುತ್ತಿದ್ದಿರಿ, ಯಾಕೆ ತೆಗೆಯುತ್ತಿದ್ದಿರಿ? ಜೊತೆಗಾರ ಏನೋ ಕೂಗಿದ ಎಂದೋ, ಕಿವಿ ನವೆಯಾಯಿತೆಂದೋ, ಫೋನ್ ಬಂತೆಂದೋ. ಒಮ್ಮೆ ತೆಗೆದದ್ದನ್ನು ಎಣ್ಣೆ ಕೈಯಲ್ಲಿ ಮತ್ತೆ ತುರುಕಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡು, ‘ಇನ್ನೆರಡು ಕೊಂಬೆ ತಾನೆ’ ಎಂದು ಮುಂದುವರಿಸಿದ್ದೂ ಇರಬಹುದು. ನಾನೂ ಹಾಗೆಯೇ ಮಾಡುತ್ತಿದ್ದೆ. ಚೈನ್‌ಸಾ ಹಿಡಿದ ವರ್ಷಗಳ ಫಲವಾಗಿ ನನ್ನ ಎಡಗಿವಿಯಲ್ಲಿ ಸದಾ ಒಂದು ಸಣ್ಣ ‘ಗುಂಯ್’ ಇದೆ, ರಾತ್ರಿ ಮಲಗಿದಾಗ ಜೋರಾಗುತ್ತದೆ. ಈಗ ಬೇರೆಯವರಿಗೆ ತರಬೇತಿ ಕೊಡುವಾಗ ನಾನು ಮೊದಲು ನೋಡುವುದು ಡಬ್ಬಿಯ ನಂಬರನ್ನಲ್ಲ. ಈ ಮನುಷ್ಯ ಇದನ್ನು ಯಾವ ಗಳಿಗೆಯಲ್ಲಿ ಕಿವಿಯಿಂದ ತೆಗೆಯುತ್ತಾನೆ ಎಂಬುದನ್ನು. ಆ ಕಾರಣವನ್ನು ನಿವಾರಿಸುವ ಮಫ್ಫೇ ನಿಮಗೆ ಸರಿಯಾದ ಮಫ್.

ಇದು ಬರೀ ಮಾತಲ್ಲ, ಲೆಕ್ಕವೇ ಹಾಗಿದೆ. ಡೆಸಿಬೆಲ್ ಎನ್ನುವುದು ಸೇರಿನಂತೆ, ಗಜದಂತೆ ಒಂದೊಂದಾಗಿ ಏರುವ ಅಳತೆಯಲ್ಲ. 3 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಬೀಳುವ ಶಬ್ದದ ಶಕ್ತಿ ಎರಡು ಪಟ್ಟಾಗುತ್ತದೆ, 10 ಹೆಚ್ಚಾದರೆ ಹತ್ತು ಪಟ್ಟು. 30 ಡೆಸಿಬೆಲ್ ತಗ್ಗಿಸುವ ಒಳ್ಳೆಯ ಮಫ್ ಎಂದರೆ ಶಕ್ತಿಯನ್ನು ಸಾವಿರದಲ್ಲಿ ಒಂದು ಭಾಗಕ್ಕೆ ಇಳಿಸುವ ಮಫ್. ಈಗ ಎಂಟು ಗಂಟೆಯ ಗದ್ದಲದಲ್ಲಿ ಅದನ್ನು 48 ನಿಮಿಷ, ಅಂದರೆ ಹತ್ತರಲ್ಲಿ ಒಂದು ಪಾಲು ಹೊತ್ತು ತೆಗೆದಿಟ್ಟಿರಿ ಎಂದುಕೊಳ್ಳಿ. ಆ ಹೊತ್ತಿನಲ್ಲಿ ಒಳಗೆ ಹೋದ ಶಬ್ದವೇ ಇಡೀ ದಿನದ ಲೆಕ್ಕದ ಹತ್ತನೇ ಒಂದು ಭಾಗ. ದಿನದ ಕೊನೆಗೆ ನಿಮ್ಮ 30ರ ಮಫ್ ಕೊಟ್ಟ ರಕ್ಷಣೆ ಬರೀ 10 ಡೆಸಿಬೆಲ್. ಅರ್ಧ ದಿನ ಹಾಕಿ ಅರ್ಧ ದಿನ ಬಿಟ್ಟರೆ 3 ಡೆಸಿಬೆಲ್, ಅಷ್ಟೇ. ಅದೇ ಒಂದು ಸಾಧಾರಣ 20ರ ಮಫ್ಫನ್ನು ಗದ್ದಲ ಇದ್ದಷ್ಟು ಹೊತ್ತೂ ಬಿಡದೆ ಹಾಕಿಕೊಂಡವನಿಗೆ ಪೂರ್ತಿ 20 ಸಿಗುತ್ತದೆ.

ಇನ್ನು ನಿಮ್ಮ ಯಂತ್ರಗಳ ಶಬ್ದ. ಪೆಟ್ರೋಲ್ ಚೈನ್‌ಸಾ ಪೂರ್ತಿ ಥ್ರಾಟಲ್‌ನಲ್ಲಿದ್ದಾಗ ಹಿಡಿದವರ ಕಿವಿಯ ಬಳಿ ಸಾಮಾನ್ಯವಾಗಿ 100ರಿಂದ 110 ಡೆಸಿಬೆಲ್ ಇರುತ್ತದೆ. ಚಿಪ್ಪರ್‌ಗೆ ದಪ್ಪ ಕೊಂಬೆ ಕಚ್ಚಿದಾಗ ಅದೂ ಅಷ್ಟೇ, ಕೆಲವೊಮ್ಮೆ ಇನ್ನೂ ಮೇಲೆ. ಬ್ಯಾಟರಿ ಚೈನ್‌ಸಾ ಎಷ್ಟೋ ಮೇಲು, ಆದರೆ ಅದೂ 90ರ ಆಸುಪಾಸು ಮುಟ್ಟುತ್ತದೆ. ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಶ್ ಸಂಸ್ಥೆ ಶಿಫಾರಸು ಮಾಡುವ ಮಿತಿ 85 ಡೆಸಿಬೆಲ್, 8 ಗಂಟೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧವಾಗುತ್ತ ಹೋಗುತ್ತದೆ. 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ, 106ಕ್ಕೆ 4 ನಿಮಿಷಕ್ಕೂ ಕಡಿಮೆ, 109ಕ್ಕೆ 2 ನಿಮಿಷವೂ ಇಲ್ಲ. ‘ಇನ್ನೆರಡು ಕೊಂಬೆ ತಾನೆ’ ಎನ್ನುವ ಆ ಎರಡು ಕೊಂಬೆಯಲ್ಲೇ ಒಂದು ದಿನದ ಪಾಲು ಮುಗಿದುಹೋಗುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಓಶಾದಂಥವರ ಕೆಲವು ನಿಯಮಗಳು 90 ಡೆಸಿಬೆಲ್‌ವರೆಗೆ, ಪ್ರತಿ 5 ಡೆಸಿಬೆಲ್‌ಗೆ ಹೊತ್ತು ಅರ್ಧ ಎಂಬ ಲೆಕ್ಕದಲ್ಲಿ, ಸಡಿಲ ಬಿಡುತ್ತವೆ. ನಿಮ್ಮಲ್ಲಿ ಕಾನೂನು ಯಾವುದೇ ಇರಲಿ, ಕಿವಿಯ ಮಟ್ಟಿಗೆ ನಾನು 85ರ ಲೆಕ್ಕವನ್ನೇ ಹಿಡಿಯುತ್ತೇನೆ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಯಂತ್ರದ ಮೈಮೇಲೆ ಧ್ವನಿವರ್ಧಕದ ಚಿತ್ರದ ಜೊತೆ 113, 116, 118 ಎಂದು ಸ್ಟಿಕ್ಕರ್ ಇರುತ್ತದೆ. ಅದು ಯಂತ್ರ ಸುತ್ತಲಿಗೂ ಹೊರಹಾಕುವ ಒಟ್ಟು ಶಬ್ದಶಕ್ತಿ, ನಿಮ್ಮ ಕಿವಿಗೆ ಬೀಳುವುದಲ್ಲ. ಕಿವಿಯ ಬಳಿಯ ಅಳತೆ ಬೇರೆ, ಅದು ಹತ್ತು ಹನ್ನೆರಡು ಡೆಸಿಬೆಲ್ ಕಡಿಮೆ ಇರುವುದೇ ಹೆಚ್ಚು. ಜೊತೆಗೆ ಬಂದ ಕೈಪಿಡಿಯ ತಾಂತ್ರಿಕ ವಿವರದ ಪುಟದಲ್ಲಿ ‘ಬಳಸುವವರ ಕಿವಿಯಲ್ಲಿ ಶಬ್ದದ ಒತ್ತಡ’ ಎಂಬ ಅರ್ಥದ ಸಾಲನ್ನು ಹುಡುಕಿ. ಮಫ್ ಆರಿಸಲು ಬೇಕಾದದ್ದು ಆ ಅಂಕಿ. ಕೈಪಿಡಿ ಕಳೆದುಹೋಗಿದ್ದರೆ ಒರಟು ಅಳತೆ ಒಂದಿದೆ: ಒಂದು ತೋಳಿನಷ್ಟು ದೂರದಲ್ಲಿ ನಿಂತವನ ಜೊತೆ ದನಿ ಎತ್ತದೆ ಮಾತಾಡಲು ಆಗುತ್ತಿಲ್ಲ ಎಂದರೆ 85 ದಾಟಿದೆ ಎಂದೇ ತಿಳಿಯಿರಿ.

ಈಗ ಡಬ್ಬಿಯ ಮೇಲಿನ 25, 31, 36. ಮೊದಲು ನೋಡಬೇಕಾದದ್ದು ನಂಬರಿನ ಪಕ್ಕದ ಅಕ್ಷರಗಳನ್ನು. ಎನ್‌ಆರ್‌ಆರ್ ಎಂದಿದ್ದರೆ ಮಫ್ ಶಬ್ದವನ್ನು ಎಷ್ಟು ತಗ್ಗಿಸುತ್ತದೆ ಎಂಬುದರ ಅಮೆರಿಕದ ಅಳತೆ, ಎಸ್‌ಎನ್‌ಆರ್ ಎಂದಿದ್ದರೆ ಯುರೋಪಿನದು, ಎಸ್‌ಎಲ್‌ಸಿ80 ಎಂದಿದ್ದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡಿನದು. ಮೂರೂ ಪ್ರಯೋಗಾಲಯದಲ್ಲಿ ಜನರ ಕಿವಿಗೆ ಹಾಕಿಸಿ ಅಳೆದದ್ದೇ. ಆದರೆ ಒಬ್ಬರ ಕಿವಿಗೂ ಇನ್ನೊಬ್ಬರ ಕಿವಿಗೂ ಬರುವ ವ್ಯತ್ಯಾಸಕ್ಕಾಗಿ ಎಷ್ಟು ಕಳೆಯಬೇಕು ಎಂಬ ಲೆಕ್ಕ ಒಂದೊಂದರದು ಒಂದೊಂದು ಥರ. ಎನ್‌ಆರ್‌ಆರ್ ಹೆಚ್ಚು ಕಳೆಯುತ್ತದೆ, ಹಾಗಾಗಿ ಒಂದೇ ಮಫ್ಫಿಗೆ ಎಸ್‌ಎನ್‌ಆರ್ ಸಾಮಾನ್ಯವಾಗಿ ಕೆಲವು ಅಂಕಿ ಮೇಲಿರುತ್ತದೆ. ನಿಮ್ಮ 25ರದು ಎನ್‌ಆರ್‌ಆರ್, 31ರದು ಎಸ್‌ಎನ್‌ಆರ್ ಆಗಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಸಾಮಾನು ಇದ್ದೀತು. ಅಕ್ಷರ ನೋಡದೆ ನಂಬರ್ ಹೋಲಿಸುವುದು, ಒಂದು ಊರಿನ ದೂರವನ್ನು ಮೈಲಿಯಲ್ಲೂ ಇನ್ನೊಂದರದನ್ನು ಕಿಲೋಮೀಟರಿನಲ್ಲೂ ಬರೆದುಕೊಂಡು ಯಾವುದು ಹತ್ತಿರ ಎಂದು ಕೇಳಿದ ಹಾಗೆ.

ಯಂತ್ರದ ಶಬ್ದದಿಂದ ಈ ನಂಬರನ್ನು ನೇರ ಕಳೆಯಲೂಬಾರದು. ಎನ್‌ಆರ್‌ಆರ್‌ನಲ್ಲಿ ಮೊದಲು 7 ಕಳೆಯಬೇಕು. ಯಾಕೆಂದರೆ ಶಬ್ದ ಅಳೆಯುವಾಗ ಬಳಸುವ ‘ಎ’ ಮಾಪಕ ತಗ್ಗುದನಿಗಳನ್ನು ಕಡಿಮೆ ಎಣಿಸುತ್ತದೆ. ಆಮೇಲೆ ನಿಜವಾದ ಕೆಲಸದ ಜಾಗದಲ್ಲಿ ಆಗುವ ನಷ್ಟಕ್ಕೆ ಇನ್ನಷ್ಟು. ಓಶಾ ಪದ್ಧತಿಯಲ್ಲಿ ಉಳಿದದ್ದನ್ನು ಅರ್ಧ ಮಾಡುತ್ತಾರೆ. ಎನ್‌ಆರ್‌ಆರ್ 31ರ ಮಫ್ ಹಿಡಿಯಿರಿ: 31ರಲ್ಲಿ 7 ಹೋದರೆ 24, ಅದರಲ್ಲಿ ಅರ್ಧ 12. 110 ಡೆಸಿಬೆಲ್ ಚಿಪ್ಪರ್ ಪಕ್ಕ ನಿಂತವನ ಕಿವಿಯಲ್ಲಿ ಇನ್ನೂ 98 ಉಳಿಯಿತು. ನಯೋಶ್‌ನ 1998ರ ಪದ್ಧತಿ ಮಫ್ಫಿನ ಮಟ್ಟಿಗೆ ಸ್ವಲ್ಪ ಉದಾರಿಯಾಗಿತ್ತು. ಮಫ್ಫಿಗೆ ಕಾಲು ಭಾಗ, ಫೋಮ್ ಪ್ಲಗ್ಗಿಗೆ ಅರ್ಧ, ಉಳಿದ ಪ್ಲಗ್ಗುಗಳಿಗೆ ನೂರಕ್ಕೆ 70 ಕಳೆದು, ಆಮೇಲೆ 7 ಕಳೆಯುತ್ತಿತ್ತು. ಈ ಪಟ್ಟಿಯಲ್ಲೇ ಒಂದು ಪಾಠ ಇದೆ, ಗಮನಿಸಿ. ಪ್ಲಗ್ಗಿಗಿಂತ ಮಫ್ಫಿನ ಮೇಲೆ ಅವರಿಗೆ ನಂಬಿಕೆ ಹೆಚ್ಚಿತ್ತು. ಪ್ಲಗ್ ಕೆಟ್ಟದ್ದೆಂದಲ್ಲ, ಅದನ್ನು ತಪ್ಪಾಗಿ ಇಟ್ಟುಕೊಳ್ಳುವುದು ತೀರಾ ಸುಲಭ. ಎಸ್‌ಎನ್‌ಆರ್‌ಗೆ ನಾನು 4 ಕಳೆದು ಲೆಕ್ಕ ಹಾಕುತ್ತೇನೆ. ಬ್ರಿಟನ್ನಿನ ಸುರಕ್ಷತಾ ಇಲಾಖೆ ಹೇಳುವುದೂ ಅದನ್ನೇ. ಎಸ್‌ಎನ್‌ಆರ್ 30ರ ಮಫ್, 106ರ ಚೈನ್‌ಸಾ: 26 ಹೋಗಿ ಕಿವಿಯಲ್ಲಿ ಸುಮಾರು 80.

80 ಬಂದರೆ ಸಾಕೇ? ಸಾಕು, ಚೆನ್ನಾಗಿಯೇ ಇದೆ. ಯುರೋಪಿನ ಮಾರ್ಗಸೂಚಿಯ ಪ್ರಕಾರ ಮಫ್ಫಿನ ಒಳಗೆ ಉಳಿಯುವ ಶಬ್ದ 75ರಿಂದ 80 ಇದ್ದರೆ ಒಳ್ಳೆಯದು, 70ರಿಂದ 85ರ ಒಳಗೆ ಎಲ್ಲಿದ್ದರೂ ಒಪ್ಪಬಹುದು, 70ಕ್ಕಿಂತ ಕೆಳಗೆ ಹೋದರೆ ಅತಿಯಾಯಿತು. ‘ನಂಬರ್ ಹೆಚ್ಚಿದ್ದಷ್ಟೂ ಒಳ್ಳೆಯದೇ’ ಎಂಬುದಕ್ಕೆ ಉತ್ತರ ಈ ಕೊನೆಯ ಸಾಲಿನಲ್ಲಿದೆ. 92 ಡೆಸಿಬೆಲ್ ಬ್ಯಾಟರಿ ಚೈನ್‌ಸಾಗೆ ಎಸ್‌ಎನ್‌ಆರ್ 36 ಹಾಕಿಕೊಂಡರೆ ಒಳಗೆ 60 ಉಳಿಯುತ್ತದೆ. ಬಾವಿಯೊಳಗೆ ಕೂತ ಹಾಗೆ. ಕೊಂಬೆ ಸೀಳುವ ಮೊದಲಿನ ‘ಚಟ್’ ಕೇಳಿಸುವುದಿಲ್ಲ, ಕೆಳಗಿನವನ ಕೂಗು ಕೇಳಿಸುವುದಿಲ್ಲ, ಆಗ ನೀವೇ ಒಂದು ಕಪ್ ಎತ್ತಿ ಕಿವಿಯ ಹಿಂದಕ್ಕೆ ಸರಿಸುತ್ತೀರಿ. ಅಲ್ಲಿಗೆ 36 ಸೊನ್ನೆಯಾಯಿತು. ಅದೂ ಅಲ್ಲದೆ ನಂಬರ್ ಹೆಚ್ಚಾದಷ್ಟೂ ಕಪ್ ದೊಡ್ಡದು, ಭಾರ ಹೆಚ್ಚು, ಒತ್ತು ಬಿಗಿ. ಮೇಲೆ ಹತ್ತುವವರಿಗೆ ಅದು ರೆಂಬೆಗೆ ತಗಲುವ ಇನ್ನೊಂದು ಕೊಂಬು.

ಹಾಗಾಗಿ ನಿಮ್ಮಿಬ್ಬರಿಗೂ ಒಂದೇ ಮಫ್ ಕೊಳ್ಳುವ ಯೋಚನೆ ಬಿಡಿ. ನಿಮ್ಮ ಕೆಲಸ ಬೇರೆ, ಅವರ ಕೆಲಸ ಬೇರೆ.

ಮೊದಲು ನಿಮ್ಮದು. ಹತ್ತುವವರಿಗೆ ಹೆಲ್ಮೆಟ್ಟಿಗೇ ಕೂರುವ ಮಫ್ ಬಿಟ್ಟರೆ ಬೇರೆ ದಾರಿ ಕಡಿಮೆ. ತಲೆಯ ಮೇಲೆ ಹಾಯುವ ಪಟ್ಟಿಯ ಮಫ್ ಹೆಲ್ಮೆಟ್ಟಿನ ಜೊತೆ ಹೊಂದುವುದಿಲ್ಲ. ಕುತ್ತಿಗೆಯ ಹಿಂದೆ ಹಾಯುವ ಪಟ್ಟಿಯದು ಮೇಲೆ ನೋಡಿದಾಗಲೆಲ್ಲ ಬೆನ್ನಿಗೆ, ಹಗ್ಗಕ್ಕೆ ತಗಲಿ ಜಾರುತ್ತದೆ. ಆದರೆ ಯಾವ ಮಫ್ಫನ್ನಾದರೂ ಯಾವ ಹೆಲ್ಮೆಟ್ಟಿಗಾದರೂ ಸಿಕ್ಕಿಸಬಹುದು ಎಂದುಕೊಳ್ಳಬೇಡಿ. ತೋಳಿನ ಉದ್ದ, ಸ್ಪ್ರಿಂಗಿನ ಒತ್ತು, ಹೆಲ್ಮೆಟ್ಟಿನ ಅಂಚಿನ ಆಕಾರ ಇವು ಮೂರೂ ಹೊಂದಿದರೆ ಮಾತ್ರ ಕಪ್ ಕಿವಿಯ ಸುತ್ತ ಸರಿಯಾಗಿ ಕೂರುತ್ತದೆ. ಮಫ್ಫಿನ ಜೊತೆ ಬರುವ ಚೀಟಿಯಲ್ಲಿ ಅದನ್ನು ಯಾವ ಯಾವ ಹೆಲ್ಮೆಟ್ಟಿನ ಜೊತೆ ಪರೀಕ್ಷಿಸಿದ್ದಾರೆ ಎಂಬ ಪಟ್ಟಿ ಇರುತ್ತದೆ. ನಿಮ್ಮ ಹೆಲ್ಮೆಟ್ ಅದರಲ್ಲಿದೆಯೇ ನೋಡಿ. ಇದೇ ಮಫ್ಫಿನ ತಲೆಪಟ್ಟಿಯ ಮಾದರಿಗೆ ಒಂದು ನಂಬರ್, ಹೆಲ್ಮೆಟ್ ಮಾದರಿಗೆ ಇನ್ನೊಂದು ನಂಬರ್ ಇರುವುದೂ ಉಂಟು. ಹೆಲ್ಮೆಟ್ಟಿನದು ಹೆಚ್ಚಾಗಿ ಒಂದೆರಡು ಅಂಕಿ ಕಡಿಮೆ.

ಅಂಗಡಿಯಲ್ಲಿ ಸುಮ್ಮನೆ ಹಾಕಿಕೊಂಡು ಕನ್ನಡಿ ನೋಡಿ ಬರಬೇಡಿ. ಹೆಲ್ಮೆಟ್ ತಂದು ಗಲ್ಲದ ಪಟ್ಟಿ ಬಿಗಿದು, ಕನ್ನಡಕ ಹಾಕಿಕೊಂಡು, ಮಫ್ ಇಳಿಸಿ. ಈಗ ಮರದ ತುದಿ ನೋಡುವವರ ಹಾಗೆ ತಲೆ ಎತ್ತಿ. ಆಮೇಲೆ ಕಾಲ ಬುಡ ನೋಡಿ. ಬಾಯಿ ಅಗಲ ತೆರೆದು ಮುಚ್ಚಿ, ಏನೋ ಅಗಿದಂತೆ ದವಡೆ ಆಡಿಸಿ. ಪ್ರತಿ ಸಲವೂ ಹೊರಗಿನ ಗದ್ದಲ ಒಂದೇ ಸಮ ಮಂದವಾಗಿರಬೇಕು. ಕತ್ತು ಎತ್ತಿದಾಗ ಕಿವಿಯ ಕೆಳಗೆ ಗಾಳಿ ಬಂದಂತಾದರೆ ಆ ಮಫ್ ನಿಮಗಲ್ಲ. ಮರದ ಮೇಲೆ ದಿನವಿಡೀ ನೀವು ಮಾಡುವುದೇ ಕತ್ತು ಎತ್ತುವುದನ್ನು. ಕಿವಿ ಪೂರ್ತಿ, ಹಾಲೆಯ ಸಮೇತ, ಕಪ್ಪಿನ ಒಳಗಿರಬೇಕು. ದೊಡ್ಡ ಕಿವಿಯವರು ಇದನ್ನು ಸಂಕೋಚವಿಲ್ಲದೆ ಬೆರಳಿನಲ್ಲಿ ಮುಟ್ಟಿ ನೋಡಿಕೊಳ್ಳಿ.

ಇಲ್ಲೊಂದು ವಿಷಯ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಹತ್ತುವವರ ಹೆಲ್ಮೆಟ್ಟಿನ ಗಲ್ಲದ ಪಟ್ಟಿ ಕಿವಿಯ ಮುಂದೊಂದು ಹಿಂದೊಂದು ಎಳೆಯಾಗಿ ಇಳಿದು ಕಿವಿಯ ಕೆಳಗೆ ಸೇರುತ್ತದೆ. ಕಪ್ಪಿನ ಕುಶನ್ ಆ ಪಟ್ಟಿಯ ಮೇಲೆ ಕೂತರೆ ಪಟ್ಟಿಯ ಎರಡೂ ಅಂಚಿಗೆ ಒಂದೊಂದು ಸಣ್ಣ ಸುರಂಗ ಉಳಿಯುತ್ತದೆ. ಶಬ್ದಕ್ಕೆ ಅಷ್ಟು ಸಾಕು. ನಾನು ಎರಡು ಸೀಸನ್ ಪೂರ್ತಿ ಹೀಗೆ ಕೆಲಸ ಮಾಡಿದ್ದೇನೆ. ಎಡಗಡೆ ಪಟ್ಟಿಯ ಬಕಲ್ ಸರಿಯಾಗಿ ಕುಶನ್ನಿನ ಕೆಳಗೇ ಬರುತ್ತಿತ್ತು. ಸಂಜೆ ಹೊತ್ತಿಗೆ ಎಡಗಿವಿ ಮಾತ್ರ ಹತ್ತಿ ತುಂಬಿದ ಹಾಗೆ ಆಗುತ್ತಿತ್ತು, ಗಾಳಿ ಹೊಡೆದಿರಬೇಕು ಎಂದುಕೊಳ್ಳುತ್ತಿದ್ದೆ. ಒಬ್ಬ ಹಿರಿಯರು ಕಪ್ ಎತ್ತಿ, ಬಕಲ್ಲಿಗೆ ಬೆರಳು ತಾಗಿಸಿ, ಏನೂ ಹೇಳದೆ ಅದನ್ನು ಎರಡು ಬೆರಳಷ್ಟು ಕೆಳಕ್ಕೆ ಎಳೆದರು. ನೀವೂ ಪಟ್ಟಿಯ ಸೇರುವೆಯನ್ನು ದವಡೆಯ ಮೂಲೆಯವರೆಗೆ ಇಳಿಸಿಕೊಂಡು, ಕಪ್ ಒತ್ತುವ ಜಾಗದಿಂದ ಪಟ್ಟಿಯನ್ನು ಆದಷ್ಟು ಹೊರಗೆ ತನ್ನಿ.

ಕನ್ನಡಕದ ಕತೆಯೂ ಇದೇ. ದಪ್ಪ ಕಡ್ಡಿಯ ಫ್ರೇಮ್ ಕುಶನ್ನಿನ ಕೆಳಗೆ ಸಂದು ಮಾಡಿ ಹಲವು ಡೆಸಿಬೆಲ್ ತಿಂದುಹಾಕುತ್ತದೆ. ಕೆಲಸಕ್ಕೆಂದೇ ತೆಳ್ಳನೆಯ, ಚಪ್ಪಟೆಯಾದ ಕಡ್ಡಿಯ ಕನ್ನಡಕ ಮಾಡಿಸಿ. ಮೆತ್ತನೆ, ಅಗಲ ಕುಶನ್ನಿನ ಮಫ್ ಆರಿಸಿ. ಜೆಲ್ ತುಂಬಿದ ಕುಶನ್ ಕಡ್ಡಿಯ ಸುತ್ತ ಚೆನ್ನಾಗಿ ಮುಚ್ಚಿಕೊಳ್ಳುತ್ತದೆ. ಮುಖದ ಜಾಲರಿ ಇದೆ, ಕನ್ನಡಕ ಯಾಕೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಜಾಲರಿ ಚೆಕ್ಕೆ ತಡೆಯುತ್ತದೆ, ಗರಗಸದ ಪುಡಿಯನ್ನಲ್ಲ. ಹೆಲ್ಮೆಟ್ಟಿನ ಕೆಳಗೆ ಹಾಕುವ ಬಟ್ಟೆಯ ಟೋಪಿ, ಕಿವಿಯ ಮೇಲೆ ಇಳಿಬಿದ್ದ ಕೂದಲು, ಬೆವರು ಹೀರಲೆಂದು ಕುಶನ್ನಿಗೆ ಸುತ್ತಿದ ಕರವಸ್ತ್ರ ಇವೆಲ್ಲ ಅದೇ ಜಾತಿಯ ಕಳ್ಳಗಿಂಡಿಗಳು.

ಸಂದು ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಚಿಪ್ಪರ್ ಓಡುತ್ತಿರುವಾಗ ಸ್ವಲ್ಪ ದೂರದಲ್ಲಿ ಸುಮ್ಮನೆ ನಿಂತು, ಎರಡೂ ಅಂಗೈಯಿಂದ ಎರಡೂ ಕಪ್ಪನ್ನು ತಲೆಗೆ ಒತ್ತಿ. ಒತ್ತಿದ ಕೂಡಲೇ ಶಬ್ದ ಗಮನಾರ್ಹವಾಗಿ ಇಳಿದರೆ, ಒತ್ತದೆ ಇದ್ದಾಗ ಅಷ್ಟು ಸೋರುತ್ತಿತ್ತು ಎಂದರ್ಥ. ಐದು ಸೆಕೆಂಡಿನ ಕೆಲಸ, ಯಾವ ಉಪಕರಣವೂ ಬೇಡ. ದಿನವೂ ಮಾಡಿ. ಹೆಲ್ಮೆಟ್ ಮಫ್ಫಿನ ತೋಳು ಒಳಕ್ಕೆ ಕೂರುವಾಗ ‘ಟಕ್’ ಎನ್ನುತ್ತದೆ, ಆ ಟಕ್ ಎರಡು ಕಡೆಯಿಂದಲೂ ಕೇಳಬೇಕು. ಹೊರಕ್ಕೆ ಎಳೆದು ಗಾಳಿಯಾಡಲು ಬಿಟ್ಟಾಗ ಕಪ್ ಕಿವಿಗೆ ತಾಗಿದಂತೆಯೇ ಇರುತ್ತದೆ, ಒಂದು ಬದಿ ಹಾಗೇ ಉಳಿದದ್ದು ಗಮನಕ್ಕೇ ಬರುವುದಿಲ್ಲ.

ಇನ್ನು ಮಾತು ಕೇಳಿಸದ ಭಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು. ನೀವು ಪ್ಲಗ್ ತೆಗೆಯುತ್ತಿದ್ದುದೂ ಇದಕ್ಕಾಗಿಯೇ ಇರಬೇಕು. ಒಂದು ನಿಜ ಮೊದಲು ಹೇಳುತ್ತೇನೆ: ಚೈನ್‌ಸಾ ಪೂರ್ತಿ ಓಡುತ್ತಿರುವಾಗ ಮಫ್ ಇಲ್ಲದಿದ್ದರೂ ಕೆಳಗಿನವನ ಕೂಗು ನಿಮಗೆ ಕೇಳಿಸುವುದಿಲ್ಲ. ಗದ್ದಲ, ಕೂಗು ಎರಡನ್ನೂ ಮಫ್ ಸಮನಾಗಿ ತಗ್ಗಿಸುತ್ತದೆ, ಕಿವಿ ಚೆನ್ನಾಗಿರುವವರಿಗೆ ಜೋರು ಗದ್ದಲದಲ್ಲಿ ಮಫ್ ಹಾಕಿದರೇ ಮಾತು ಸ್ವಲ್ಪ ಸ್ಪಷ್ಟವಾಗಿ ಕೇಳಿಸುವುದುಂಟು. ತೊಂದರೆ ಬರುವುದು ಗದ್ದಲ ನಿಂತ ಆ ನಡುವಿನ ಹೊತ್ತಿನಲ್ಲಿ. ಚೈನ್‌ಸಾ ಐಡಲ್‌ಗೆ ಬಂದಾಗ, ‘ಬಿಡಲಾ?’ ಎಂದು ನೀವು ಕೇಳಿ, ‘ತಾಳು’ ಎಂದು ಅವನು ಹೇಳಿದಾಗ. ‘ಬಿಡು’ ಮತ್ತು ‘ತಾಳು’ ಮಫ್ಫಿನೊಳಗೆ ಎಷ್ಟು ಒಂದೇ ಥರ ಕೇಳಿಸುತ್ತವೆ ಎಂದು ಒಮ್ಮೆ ಪರೀಕ್ಷೆ ಮಾಡಿ ನೋಡಿ, ಮೈ ಜುಂ ಎನ್ನುತ್ತದೆ.

ಇದಕ್ಕೆ ಎರಡು ಬಗೆಯ ಮಫ್ ಇವೆ. ಒಂದು, ಹೊರಗೆ ಪುಟ್ಟ ಮೈಕ್ ಇಟ್ಟು ಸುತ್ತಲಿನ ಸಣ್ಣ ಶಬ್ದವನ್ನು ಒಳಗೆ ಕೇಳಿಸುವಂಥದು. ಗದ್ದಲ ಏರಿದಾಗ ಅದು ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ, ಒಳಗಿನ ಸ್ಪೀಕರ್ ಸಾಮಾನ್ಯವಾಗಿ 82 ಡೆಸಿಬೆಲ್ ಮೀರದಂತೆ ತಡೆ ಇರುತ್ತದೆ. ಚೈನ್‌ಸಾ ನಿಂತ ಕೂಡಲೇ ಹಕ್ಕಿಯ ದನಿಯೂ ಕೇಳಿಸುತ್ತದೆ, ಮಫ್ ಎತ್ತುವ ಕಾರಣವೇ ಉಳಿಯುವುದಿಲ್ಲ. ಆದರೆ ಚಿಪ್ಪರ್ ಒಂದೇ ಸಮ ಓಡುತ್ತಿದ್ದರೆ ಇದರಿಂದ ಪ್ರಯೋಜನ ಇಲ್ಲ, ಆ ಗದ್ದಲವೇ ಮೈಕನ್ನು ಮುಚ್ಚಿಸಿಬಿಡುತ್ತದೆ. ಗಾಳಿ ಜೋರಿದ್ದರೆ ಮೈಕಿನಲ್ಲಿ ಬುಸುಬುಸು ಬೇರೆ. ಎರಡನೆಯದು, ತುಟಿಯ ಮುಂದೆ ಮೈಕ್ ಬರುವ, ಮಫ್ಫಿನಿಂದ ಮಫ್ಫಿಗೆ ಮಾತಾಡುವ ಹೆಡ್‌ಸೆಟ್. ಒಬ್ಬರು ಹತ್ತಿ ಒಬ್ಬರು ಹಗ್ಗ ಹಿಡಿಯುವ ನಿಮ್ಮಂಥ ಜೋಡಿಗೆ ನಾನು ಹಿಂಜರಿಯದೆ ಹೇಳುವುದು ಇದನ್ನೇ. ಗುಂಡಿ ಒತ್ತಿ ಮಾತಾಡುವಂಥದು ಬೇಡ, ಎರಡೂ ಕೈಗೆ ಕೆಲಸ ಇರುತ್ತದೆ. ಫೋನಿನಂತೆ ಇಬ್ಬರೂ ಒಟ್ಟಿಗೆ ಮಾತಾಡಬಲ್ಲಂಥದು ಬೇಕು. ಮೈಕ್ ತುಟಿಯಿಂದ ಒಂದು ಬೆರಳಿನ ದೂರದಲ್ಲಿರಲಿ, ಗಲ್ಲದ ಹತ್ತಿರ ಜಾರಿದರೆ ನಿಮ್ಮ ಮಾತಿನ ಬದಲು ಅವರಿಗೆ ಎಂಜಿನ್ ಕೇಳಿಸುತ್ತದೆ. ಬ್ಯಾಟರಿ ಸತ್ತ ದಿನ ಬರೀ ಮಫ್ಫಾಗಿ ಅದು ಎಷ್ಟು ತಗ್ಗಿಸುತ್ತದೆ ಎಂಬ ನಂಬರನ್ನೂ ನೋಡಿ ಕೊಳ್ಳಿ. ಹಾಡು ಕೇಳಲು ಕೊಳ್ಳುವ, ಗದ್ದಲ ತೆಗೆಯುತ್ತೇವೆ ಎನ್ನುವ ಹೆಡ್‌ಫೋನ್ ಈ ಕೆಲಸಕ್ಕೆ ರಕ್ಷಣೆಯೇ ಅಲ್ಲ. ಅದಕ್ಕೆ ಈ ನಂಬರ್ ಯಾವುದೂ ಇರುವುದಿಲ್ಲ.

ಹೆಡ್‌ಸೆಟ್ ಇದ್ದರೂ ಕೈಸನ್ನೆ ಮರೆಯಬೇಡಿ. ಹೇಳಿದ್ದಕ್ಕೆ ಉತ್ತರ ಬರುವವರೆಗೂ ಕುಯ್ಯಬಾರದು ಎಂಬ ಒಪ್ಪಂದ ಇರಲಿ. ಮೌನವನ್ನು ‘ಹೂಂ’ ಎಂದು ತಿಳಿಯಕೂಡದು.

ನಿಮ್ಮ ಜೊತೆಗಾರರ ವಿಷಯ ಬೇರೆ. ಚಿಪ್ಪರ್ ಶಬ್ದದಲ್ಲಿ ತಗ್ಗುದನಿಯ ಮೊರೆತ ಹೆಚ್ಚು, ಮಫ್ಫುಗಳು ಸೋಲುವುದೇ ತಗ್ಗುದನಿಯ ಎದುರು. ಎಸ್‌ಎನ್‌ಆರ್ ಡಬ್ಬಿಯ ಹಿಂಬದಿಯಲ್ಲಿ ಎಚ್, ಎಮ್, ಎಲ್ ಎಂಬ ಮೂರು ಅಂಕಿ ಇರುತ್ತವೆ: ಕೀಚಲು ದನಿಗೆ ಎಷ್ಟು, ನಡುವಿನದಕ್ಕೆ ಎಷ್ಟು, ತಗ್ಗಿನದಕ್ಕೆ ಎಷ್ಟು ಎಂದು. ಎಲ್ ಯಾವಾಗಲೂ ಮೂರರಲ್ಲಿ ಸಣ್ಣದು. ಎರಡು ಮಫ್ ಒಂದೇ ಎಸ್‌ಎನ್‌ಆರ್ ತೋರಿಸಿದರೆ ಚಿಪ್ಪರ್ ಪಕ್ಕ ನಿಲ್ಲುವವರಿಗೆ ಎಲ್ ಹೆಚ್ಚಿರುವುದನ್ನು ಕೊಡಿಸಿ.

ದಿನವಿಡೀ ಚಿಪ್ಪರ್‌ಗೆ ಕೊಂಬೆ ಹಾಕುವ ದಿನ, ಅಥವಾ ಬುಡ ಅರೆಯುವ ಯಂತ್ರ ತಂದ ದಿನ, ಅವರಿಗೆ ಪ್ಲಗ್ ಮತ್ತು ಮಫ್ ಎರಡೂ ಬೇಕು. ದಿನದ ಸರಾಸರಿ 100 ಮೀರಿದರೆ ಎರಡೂ ಹಾಕಿ ಎನ್ನುತ್ತದೆ ನಯೋಶ್. ಆದರೆ ಪ್ಲಗ್ಗಿನ 30, ಮಫ್ಫಿನ 30 ಕೂಡಿ 60 ಆಗುವುದಿಲ್ಲ. ಎರಡರಲ್ಲಿ ಮೇಲಿನದಕ್ಕೆ 5ರಿಂದ 10 ಸೇರೀತು, ಅಷ್ಟೇ. ಕಿವಿಯ ದಾರಿ ಪೂರ್ತಿ ಮುಚ್ಚಿದರೂ ತಲೆಬುರುಡೆಯ ಮೂಲಕ ಶಬ್ದ ಒಳಕಿವಿಗೆ ಹೋಗುತ್ತಲೇ ಇರುತ್ತದೆ. ಈ ಎರಡು ಪದರದ ರಕ್ಷಣೆ ಕೆಳಗೆ ನಿಂತು ಯಂತ್ರ ನೋಡುವವರಿಗೆ ಮಾತ್ರ. ಹೆಡ್‌ಸೆಟ್ ಇಲ್ಲದೆ ಮೇಲಿರುವವರು, ಆ ಹೊತ್ತಿನಲ್ಲಿ ಅವರ ಹಗ್ಗ ಹಿಡಿದಿರುವವರು ಹೀಗೆ ಕಿವಿ ಮುಚ್ಚಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ನನ್ನ ಕೇಳಿದರೆ, ಮೇಲೆ ಜನ ಇರುವಾಗ ಚಿಪ್ಪರ್ ಓಡಿಸಲೇಬೇಡಿ. ಕೊಂಬೆಗಳನ್ನು ಒಟ್ಟಿ, ನೀವು ಕೆಳಗಿಳಿದ ಮೇಲೆ ಒಂದೇ ಸಲ ಹಾಕಿ ಮುಗಿಸಿ, ಎಂಜಿನ್ ಆರಿಸಿ. ಹಾಗಾಗದಿದ್ದರೆ ಅದನ್ನು ದೂರ ಇಡಿ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ, ಎರಡು ಮೀಟರ್ ದೂರದಿಂದ ಎಂಟು ಮೀಟರಿಗೆ ಹೋದರೆ 12. ಗೋಡೆಯ ಪಕ್ಕ ನಿಲ್ಲಿಸಿದರೆ ಆ ಲಾಭದಲ್ಲಿ ಒಂದಿಷ್ಟನ್ನು ಗೋಡೆ ವಾಪಸು ಕಳಿಸುತ್ತದೆ. ಅಂದಹಾಗೆ ಚಿಪ್ಪರ್ ಹತ್ತಿರ ದಾರ ಕಟ್ಟಿದ ಪ್ಲಗ್ ಬೇಡವೇ ಬೇಡ. ಒಳಗೆಳೆಯುತ್ತಿರುವ ರೆಂಬೆಯ ಕವಲು ಕುತ್ತಿಗೆಯ ದಾರಕ್ಕೆ ಸಿಕ್ಕರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ಫೋಮ್ ಪ್ಲಗ್ಗನ್ನು ಬಹಳ ಜನ ಬಾಟಲಿಗೆ ಬಿರಡೆ ಒತ್ತಿದಂತೆ ಒತ್ತಿಕೊಳ್ಳುತ್ತಾರೆ. ಒಣಗಿದ, ಶುಚಿಯಾದ ಕೈಯಲ್ಲಿ ಅದನ್ನು ಸುಕ್ಕಿಲ್ಲದಂತೆ ಹೊಸೆದು ಬತ್ತಿಯಷ್ಟು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು, ಆಗ ಬಾಗಿದ ಕಿವಿನಾಳ ನೆಟ್ಟಗಾಗುತ್ತದೆ. ಬತ್ತಿ ಒಳಗೆ ಜಾರಿಸಿ ಅರ್ಧ ನಿಮಿಷ ಬೆರಳಲ್ಲಿ ಹಿಡಿದಿರಬೇಕು, ಅಷ್ಟರಲ್ಲಿ ಅದು ಉಬ್ಬಿ ಕೂರುತ್ತದೆ. ಕನ್ನಡಿಯಲ್ಲಿ ಎದುರಿನಿಂದ ನೋಡಿದರೆ ಪ್ಲಗ್ ಹೊರಗೆ ಚಾಚಿ ಕಾಣಬಾರದು. ಮರದ ಅಂಟು, ಚೈನಿನ ಎಣ್ಣೆ ಮೆತ್ತಿದ ಬೆರಳಲ್ಲಿ ಇದನ್ನೆಲ್ಲ ಮಾಡುವ ಬದಲು ಬೆಳಗ್ಗೆ ಒಮ್ಮೆ ಇಟ್ಟು ಊಟದ ಹೊತ್ತಿಗೆ ತೆಗೆಯುವುದು ಲೇಸು. ಕಿವಿ ಸೋರುತ್ತಿದ್ದರೆ, ತಮಟೆ ತೂತಾಗಿದ್ದರೆ ಪ್ಲಗ್ ಮುಟ್ಟಬೇಡಿ, ಮಫ್ ಒಂದೇ. ಬರೀ ಹತ್ತಿ ತುರುಕಿಕೊಳ್ಳುವುದು ಸಮಾಧಾನಕ್ಕಷ್ಟೇ.

ಮಫ್ ಕೊಂಡಾಯಿತು ಎಂದರೆ ಮುಗಿಯಲಿಲ್ಲ. ಬೆವರು, ಬಿಸಿಲು, ಎಣ್ಣೆಗೆ ಕುಶನ್ ಗಟ್ಟಿಯಾಗುತ್ತದೆ. ಹೆಬ್ಬೆರಳಲ್ಲಿ ಒತ್ತಿ ಬಿಟ್ಟಾಗ ಮೆಲ್ಲಗೆ ಉಬ್ಬಿ ಬರಬೇಕು. ಬಾರದಿದ್ದರೆ, ಬಿರುಕು ಕಂಡರೆ, ಬದಲಿಸಿ. ದಿನಾ ಬಳಸುವವರಿಗೆ ಆರು ತಿಂಗಳಿಗೊಮ್ಮೆ ಕುಶನ್ನೂ ಒಳಗಿನ ಸ್ಪಂಜೂ ಹೊಸದು ಬೇಕಾಗುತ್ತದೆ. ಬಿಡಿಯಾಗಿ ಸಿಗದ ಮಾದರಿಯನ್ನು ಕೊಳ್ಳಲೇಬೇಡಿ. ಕಪ್ಪಿಗೆ ತೂತು ಕೊರೆದು ಏನನ್ನೂ ಸಿಕ್ಕಿಸಬಾರದು. ಡೀಟ್ ಇರುವ ಸೊಳ್ಳೆ ಎಣ್ಣೆ ಹಚ್ಚಿದ ಕೈಯಲ್ಲಿ ಪ್ಲಾಸ್ಟಿಕ್ ಮುಟ್ಟಬೇಡಿ, ಅದು ಕೆಲವು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ.

ಕೊನೆಗೆ, ಅಭ್ಯಾಸವಾದ ಕಿವಿ. ಕಿವಿಗೆ ಗದ್ದಲದ ಅಭ್ಯಾಸ ಆಗುವುದಿಲ್ಲ. ಒಳಕಿವಿಯ ಶಂಖದಲ್ಲಿರುವ ರೋಮಕೋಶಗಳು ಒಂದೊಂದಾಗಿ ಸಾಯುತ್ತವೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ಮೊದಲಿನಷ್ಟು ಜೋರಾಗಿ ಕೇಳಿಸುವುದಿಲ್ಲ. ಅದನ್ನೇ ಅವರು ಅಭ್ಯಾಸ ಎನ್ನುತ್ತಿದ್ದಾರೆ. ಮೊದಲು ಹೋಗುವುದು 4000 ಹರ್ಟ್ಸ್ ಸುತ್ತಮುತ್ತಲಿನ ಕೀಚಲು ದನಿಗಳು. ಅ, ಆ, ಒ, ಓ ಚೆನ್ನಾಗಿಯೇ ಕೇಳಿಸುತ್ತಿರುತ್ತವೆ, ಸ, ಶ, ಚ, ತ ಕಳಚಿಕೊಳ್ಳುತ್ತವೆ. ಹಾಗಾಗಿ ಅಂಥವರು ‘ಕೇಳಿಸುತ್ತಿಲ್ಲ’ ಎನ್ನುವುದಿಲ್ಲ, ‘ನೀವು ಬಾಯಿ ಬಿಟ್ಟು ಮಾತಾಡಿ’ ಎನ್ನುತ್ತಾರೆ. ಅವರ ಮನೆಯವರನ್ನು ಕೇಳಿ ನೋಡಿ.

ವಾದ ಬೇಡ, ಒಂದು ಪ್ರಯೋಗ ಮಾಡಿಸಿ. ಕೆಲಸ ಮುಗಿದ ಸಂಜೆ ಅವರು ಫೋನಿನಲ್ಲಿ ಮಾತಿನ ಕಾರ್ಯಕ್ರಮ ಯಾವುದಾದರೂ ಹಾಕಿ, ಸರಿಯಾಗಿ ಅರ್ಥವಾಗುವಷ್ಟು ದನಿ ಇಟ್ಟು, ಗುಂಡಿ ಮುಟ್ಟದೆ ಹಾಗೇ ಬಿಡಲಿ. ಮರುದಿನ ಬೆಳಗ್ಗೆ ಅದೇ ಕೋಣೆಯಲ್ಲಿ ಅದನ್ನೇ ಮತ್ತೆ ಹಾಕಲಿ. ಬೆಳಗ್ಗೆ ಅದು ಕಿರುಚಿದಂತೆ ಕೇಳಿಸಿದರೆ ಸಂಜೆ ಕಿವಿ ಮಂದವಾಗಿತ್ತು, ರಾತ್ರಿಯ ಮೌನದಲ್ಲಿ ಸ್ವಲ್ಪ ಚೇತರಿಸಿಕೊಂಡಿದೆ ಎಂದರ್ಥ. ಹೀಗೆ ದಿನವೂ ಮಂದವಾಗುತ್ತಿದ್ದರೆ ಒಂದು ದಿನ ಚೇತರಿಕೆ ನಿಲ್ಲುತ್ತದೆ. ಆಮೇಲೆ ಇಬ್ಬರೂ ಆಡಿಯಾಲಜಿಸ್ಟ್ ಹತ್ತಿರ ಹೋಗಿ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ರಜೆಯ ಮಾರನೇ ದಿನ ಬೆಳಗ್ಗೆ ಹೋಗಿ, ಪರೀಕ್ಷೆಗೆ ಮುಂಚೆ ಕನಿಷ್ಠ 14 ಗಂಟೆ ಯಂತ್ರದ ಶಬ್ದ ಕಿವಿಗೆ ಬಿದ್ದಿರಬಾರದು. ಅವರು ಕೊಡುವ ಗೆರೆಚಿತ್ರದಲ್ಲಿ 4000ರ ಹತ್ತಿರ ಗೆರೆ ಹಳ್ಳಕ್ಕಿಳಿದು ಮತ್ತೆ ಮೇಲೇರಿದೆಯೇ ನೋಡಿ. ಆ ಹಾಳೆ ಜೋಪಾನವಾಗಿಟ್ಟು ಮುಂದಿನ ವರ್ಷದ್ದನ್ನು ಅದರ ಪಕ್ಕ ಇಟ್ಟು ನೋಡಿ. ನಿಮ್ಮ ಮಫ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.